ಮಾವನ ರಿವಾಲ್ವರಿನ ಹಿಡಿಕೆ

ಹುಮನಾಬಾದಿನಲ್ಲಿರುವ ನನ್ನ ಸೋದರಮಾವನ ಮನೆಯಲ್ಲಿ ಮಹಾನವಮಿಯ ದಿನ ನಡುಮನೆಯಲ್ಲೇ ಆಯುಧಪೂಜೆ. ಕಂಬಳಿ ಹಾಸಿ ಅದರ ಮೇಲೆ ಕುಡಗೋಲು, ಖುರ್ಪಿ, ಕೊಡಲಿ, ದಾಲ್ ಮಿಲ್ಲಿನ ಪಾನಾಗಳು, ತಕ್ಕಡಿ, ಅತ್ತೆಯ ಈಳಿಗೆ, ಮಕ್ಕಳ ಕಂಪಾಸ್ ಪೆಟ್ಟಿಗೆ, ಎಲ್ಲವನ್ನೂ ಸಾಲಾಗಿ ಇಡುತ್ತಾರೆ. ನಾನು ಪಿಎಚ್.ಡಿ.ಗೆ ಸೇರಿದ ಮೇಲೆ ನನ್ನ ಲ್ಯಾಪ್‌ಟಾಪಿಗೂ ಅಲ್ಲಿ ಜಾಗ ಸಿಕ್ಕಿದೆ. ಸಾಲಿನ ಕೊನೆಯಲ್ಲಿ, ಕೆಂಪು ವಸ್ತ್ರದ ಮೇಲೆ, ಮಾವನ .32 ರಿವಾಲ್ವರ್. ಕಾನ್ಪುರದ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾದದ್ದು, ಆರು ಗುಂಡು ಹಿಡಿಯುವಂಥದ್ದು. ಕಾರ್ಖಾನೆ ಕೊಟ್ಟಿದ್ದ ಹಿಡಿಕೆಯನ್ನು ತೆಗೆಸಿ ಮಾವ ಅದಕ್ಕೆ ಬೀಟೆ ಮರದ ಹಿಡಿಕೆ ಹಾಕಿಸಿದ್ದಾನೆ. ಮರದ ನಡುವೆ ಬೆಳ್ಳಿಯ ಪುಟ್ಟ ವೀರಭದ್ರ. ಊರದೇವರು ವೀರಭದ್ರೇಶ್ವರ, ಕೈಯಲ್ಲಿ ಆಯುಧ ಹಿಡಿದ ದೇವರು. ಆದ್ದರಿಂದ ಆಯುಧದ ಮೇಲೆ ಅವನನ್ನು ಕೂರಿಸಿದ್ದು ಮನೆಯಲ್ಲಿ ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ.

ನನ್ನ ಸಂಶೋಧನೆ ವಚನಗಳಲ್ಲಿ ಬರುವ ಕಾಯಕದ ಸಲಕರಣೆಗಳ ಕುರಿತದ್ದು. ನುಲಿಯ ಚಂದಯ್ಯನ ಹಗ್ಗ, ಮೇದರ ಕೇತಯ್ಯನ ಬಿದಿರು, ಅಂಬಿಗರ ಚೌಡಯ್ಯನ ಹುಟ್ಟು, ಕದಿರ ರೆಮ್ಮವ್ವೆಯ ಕದಿರು. ಐದು ವರ್ಷದಿಂದ ಇವನ್ನೇ ಓದುತ್ತಿರುವುದರಿಂದ ಯಾವ ಮನೆಗೆ ಹೋದರೂ ಕಣ್ಣು ಮೊದಲು ಸಲಕರಣೆಗಳ ಹಿಡಿಯ ಮೇಲೆ ಬೀಳುತ್ತದೆ. ಆ ಕಂಬಳಿಯ ಮೇಲಿನ ಸಾಲನ್ನು ನೋಡುವಾಗ ನನಗೊಂದು ಸಂಗತಿ ಹೊಳೆಯಿತು. ಕುಡಗೋಲಿನ ಹಿಡಿ ಹಿಡಿದವರ ಬೆರಳಿಗೆ ತಕ್ಕಂತೆ ಸವೆದಿದೆ. ಅತ್ತೆಯ ಈಳಿಗೆಮಣೆ ಅವಳ ಕಾಲು ಒತ್ತಿದಲ್ಲಿ ತಗ್ಗಾಗಿದೆ. ಇವನ್ನು ಯಾರೂ ಬೇಕೆಂದು ಬದಲಿಸಿದ್ದಲ್ಲ. ಕೆಲಸವೇ ಬದಲಿಸಿದ್ದು. ರಿವಾಲ್ವರ್ ಮಾತ್ರ ಸವೆದಿಲ್ಲ. ಹದಿನೈದು ವರ್ಷದಲ್ಲಿ ಮಾವ ಅದನ್ನು ಕೆಲಸಕ್ಕೆಂದು ಒಮ್ಮೆಯೂ ಬಳಸಿಲ್ಲ. ಬಳಸದೇ ಇರುವುದೇ ಅದರ ಒಳ್ಳೆಯತನ.

ಬಹುಶಃ ಅದಕ್ಕೇ ಅವನಿಗೆ ಹಿಡಿಕೆ ಬದಲಿಸಬೇಕು ಅನ್ನಿಸಿರಬೇಕು. ದುಡಿಮೆಯಿಂದ ನಮ್ಮದಾಗದ ವಸ್ತುವನ್ನು ಅಲಂಕಾರದಿಂದ ನಮ್ಮದಾಗಿಸಿಕೊಳ್ಳುತ್ತೇವೆ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಯ ನಳಿಗೆಗೆ ತೋಕ್ ಪೂ ಸಿಕ್ಕಿಸುತ್ತಾರೆ. ಅಲ್ಲಿ ಬ್ರಿಟಿಷರ ಕಾಲದಿಂದಲೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನ ವಿನಾಯಿತಿ ಇದೆ, ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಆ ಹೂವು ಸಂಜೆಗೆ ಬಾಡುತ್ತದೆ, ಕೋವಿ ಮೊದಲಿನಂತೆಯೇ ಉಳಿಯುತ್ತದೆ. ಮಾವನ ಬೆಳ್ಳಿಯ ವೀರಭದ್ರ ಬಾಡುವವನಲ್ಲ. ಆದರೂ ಅವನಿಂದ ಯಾರಿಗೂ ಕೇಡಿಲ್ಲ. ಪ್ರಶ್ನೆ ಇರುವುದು ಹಿಡಿಕೆಯಲ್ಲಿ ಅಲ್ಲ, ಅದರ ಮುಂದೆ ಎರಡು ಅಂಗುಲದ ದೂರದಲ್ಲಿ. ಅದು ನನಗೆ ಗೊತ್ತಾಗಲು ಒಂದು ಗುಂಡು ಹಾರಬೇಕಾಯಿತು.

ತಮ್ಮ ಪಿಸ್ತೂಲು ರಿವಾಲ್ವರುಗಳನ್ನು ನಮ್ಮ ಕಡೆಯವರು ಏನೇನು ಮಾಡಿಸಿಕೊಳ್ಳುತ್ತಾರೆ ಎಂಬುದನ್ನು ನಾನು ಒಟ್ಟಿಗೆ ನೋಡಿದ್ದು 2024ರ ಲೋಕಸಭಾ ಚುನಾವಣೆಯ ಹೊತ್ತಿನಲ್ಲಿ. ಚುನಾವಣೆ ಬಂತೆಂದರೆ ಲೈಸೆನ್ಸ್ ಇದ್ದವರು ತಮ್ಮ ಆಯುಧವನ್ನು ಠಾಣೆಯಲ್ಲಿ ಒಪ್ಪಿಸಬೇಕಾಗುತ್ತದೆ. ಬೀದರ ಕ್ಷೇತ್ರಕ್ಕೆ ಮೇ 7ರಂದು ಮತದಾನವಿತ್ತು. ಅದಕ್ಕೂ ಮುಂಚೆ ಮಾವನ ಜೊತೆ ನಾನೂ ಠಾಣೆಗೆ ಹೋಗಿದ್ದೆ. ಉದ್ದನೆಯ ಮೇಜಿನ ಮೇಲೆ ಚೀಟಿ ಕಟ್ಟಿದ ಆಯುಧಗಳು ಸಾಲಾಗಿ ಮಲಗಿದ್ದವು. ಒಂದರ ಹಿಡಿಕೆಗೆ ಬೆಳ್ಳಿಯ ಅಂಚು. ಇನ್ನೊಂದರ ಮೇಲೆ ಮನೆತನದ ಹೆಸರಿನ ಮೊದಲ ಅಕ್ಷರ. ಒಬ್ಬರು ಸೈಕಲ್ ಟ್ಯೂಬಿನ ರಬ್ಬರು ಸುತ್ತಿದ್ದರು, ಬೇಸಗೆಯಲ್ಲಿ ಕೈ ಬೆವರಿದರೆ ಜಾರಬಾರದೆಂದು. ಒಂದು ಹಳೆಯ ಹನ್ನೆರಡು ಬೋರಿನ ಬಂದೂಕಿನ ಮರಕ್ಕೆ ಹಿತ್ತಾಳೆ ಮೊಳೆಗಳಿಂದ ತ್ರಿಶೂಲ ಹೊಡೆದಿದ್ದರು. ಪೊಲೀಸಪ್ಪ ಇದಾವುದನ್ನೂ ನೋಡಲಿಲ್ಲ. ಕನ್ನಡಕ ಏರಿಸಿ ಲೋಹದ ಮೇಲಿನ ನಂಬರನ್ನು ಮಾತ್ರ ಓದಿ ರಿಜಿಸ್ಟರಿನಲ್ಲಿ ಬರೆದುಕೊಂಡ.

ಆಯುಧದ ಒಡೆಯ ಹಿಡಿಕೆಯನ್ನು ನೋಡುತ್ತಾನೆ, ಸರ್ಕಾರ ನಂಬರನ್ನು ನೋಡುತ್ತದೆ. ಶಸ್ತ್ರಾಸ್ತ್ರ ಕಾಯ್ದೆ ನೋಡಿದರೆ ಇದು ಸ್ಪಷ್ಟವಾಗುತ್ತದೆ. 1959ರ ಆ ಕಾಯ್ದೆಯ 8ನೇ ಕಲಂ ಪ್ರಕಾರ ಆಯುಧದ ಮೇಲಿನ ಹೆಸರು, ನಂಬರು, ಗುರುತುಗಳನ್ನು ಅಳಿಸುವುದು, ಬದಲಿಸುವುದು ಅಪರಾಧ. 6ನೇ ಕಲಂ ಪ್ರಕಾರ ಲೈಸೆನ್ಸ್ ಇಲ್ಲದೆ ನಳಿಗೆಯನ್ನು ಕತ್ತರಿಸಿ ಗಿಡ್ಡ ಮಾಡುವಂತಿಲ್ಲ, ಆಟಿಕೆಯ ನಕಲಿ ಬಂದೂಕನ್ನು ಅಸಲಿಯಾಗಿ ಪರಿವರ್ತಿಸುವಂತಿಲ್ಲ. 5ನೇ ಕಲಂ ಪ್ರಕಾರ ಆಯುಧ ದುರಸ್ತಿ ಮಾಡುವವನ ಬಳಿಯೂ ಲೈಸೆನ್ಸ್ ಇರಬೇಕು. 2019ರ ತಿದ್ದುಪಡಿ ಒಬ್ಬನ ಬಳಿ ಇರಬಹುದಾದ ಆಯುಧಗಳ ಸಂಖ್ಯೆಯನ್ನು 3ರಿಂದ 2ಕ್ಕೆ ಇಳಿಸಿತು. ಮದುವೆ ಮೆರವಣಿಗೆಯಲ್ಲಿ ಖುಷಿಗೆ ಗುಂಡು ಹಾರಿಸಿ ಪರರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಸೆರೆ ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ, ಎಂದೂ ಸೇರಿಸಿತು.

ಈ ಕಲಮುಗಳನ್ನು ಮೊದಲ ಸಲ ಓದಿದಾಗ ಇವು ಸರ್ಕಾರದ ಅನುಕೂಲಕ್ಕಾಗಿ ಇರುವ ನಿಯಮಗಳು ಎಂದುಕೊಂಡಿದ್ದೆ. ಮತ್ತೊಮ್ಮೆ ಓದಿದಾಗ ಬೇರೆಯದೇ ಕಂಡಿತು. ಕಾಯ್ದೆ ಹಿಡಿಕೆಯ ಬಗ್ಗೆ ಮಾತಾಡುವುದೇ ಇಲ್ಲ. ಬೀಟೆ ಹಾಕಿಸಿಕೊ, ಬೆಳ್ಳಿ ಹಾಕಿಸಿಕೊ, ಅದು ನಿನ್ನದು. ನಂಬರು ಮತ್ತು ನಳಿಗೆಯ ಉದ್ದಕ್ಕೆ ಬಂದಾಗ ಮಾತ್ರ ಕಾಯ್ದೆಯ ದನಿ ಬದಲಾಗುತ್ತದೆ. ಯಾಕೆಂದರೆ ಅವು ಒಡೆಯನಿಗಾಗಿ ಇರುವ ಭಾಗಗಳಲ್ಲ. ನಂಬರಿನಿಂದ ಮಾವನಿಗೆ ಏನೂ ಪ್ರಯೋಜನವಿಲ್ಲ. ಅದು ಇರುವುದು ಎಂದೋ ಎಲ್ಲೋ ಆ ಗುಂಡಿಗೆ ಗುರಿಯಾಗಬಹುದಾದ ಅಪರಿಚಿತನಿಗಾಗಿ, ಅವನ ಮನೆಯವರು ಮುಂದೆ ಕೇಳಬಹುದಾದ ಪ್ರಶ್ನೆಗಾಗಿ. ನಾನು ದುಡ್ಡು ಕೊಟ್ಟು ಕೊಂಡ ಆಯುಧದಲ್ಲೂ ಪರರದೊಂದು ಪಾಲು ಇದೆ. ಹಿಡಿಕೆ ನನ್ನ ಪಾಲು, ನಂಬರು ಅವರ ಪಾಲು.

ಈ ಪಾಲನ್ನು ಅಳಿಸಿದರೂ ಅದು ಪೂರ್ತಿ ಅಳಿಯುವುದಿಲ್ಲ ಎಂಬುದಕ್ಕೆ ನಮ್ಮ ಕಾಲದ್ದೇ ಕಹಿ ಸಾಕ್ಷಿ ಇದೆ. ವಚನ ಸಾಹಿತ್ಯ ಓದುವ ಯಾರೂ ಎಂ.ಎಂ. ಕಲಬುರ್ಗಿಯವರ ಕೆಲಸವನ್ನು ದಾಟಿ ಹೋಗಲಾರರು. ನನ್ನ ಮೇಜಿನ ಮೇಲೂ ಅವರು ಸಂಪಾದಿಸಿದ ಸಂಪುಟಗಳಿವೆ. 2015ರ ಆಗಸ್ಟ್ 30ರಂದು ಧಾರವಾಡದ ಕಲ್ಯಾಣನಗರದ ಅವರ ಮನೆಯ ಬಾಗಿಲಲ್ಲೇ ಅವರನ್ನು ಗುಂಡಿಟ್ಟು ಕೊಂದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಕೊಂದರು. ಎರಡೂ ಕಡೆ ಬಳಕೆಯಾದದ್ದು 7.65 ಮಿಲಿಮೀಟರಿನ ಒಂದೇ ನಾಡಪಿಸ್ತೂಲು ಎಂದು ವಿಧಿವಿಜ್ಞಾನದ ಪರೀಕ್ಷೆ ಹೇಳಿತು. ಕಳ್ಳ ಕಮ್ಮಟದಲ್ಲಿ ಹುಟ್ಟಿದ ಪಿಸ್ತೂಲಿಗೆ ಯಾವ ರಿಜಿಸ್ಟರಿನಲ್ಲೂ ನಂಬರು ಇರುವುದಿಲ್ಲ. ಆದರೆ ಪ್ರತಿ ಸಲ ಹಾರಿದಾಗಲೂ ಅದರ ಮೊಳೆ ತೋಟೆಯ ಹಿಂಬದಿಗೆ ತನ್ನದೇ ಗುರುತು ಒತ್ತುತ್ತದೆ, ನಳಿಗೆ ಗುಂಡಿನ ಮೈಮೇಲೆ ತನ್ನದೇ ಗೀರು ಎಳೆಯುತ್ತದೆ. ಯಾರೂ ಹೆಸರಿಡದ ವಸ್ತುವೂ ತಾನು ಮಾಡಿದ್ದಕ್ಕೆ ಸಹಿ ಹಾಕುತ್ತದೆ. ಅಕ್ಷರದ ಗುರುತು ಹಿಡಿದು ಶಾಸನಗಳ ಕಾಲ ಹೇಳುತ್ತಿದ್ದ ವಿದ್ವಾಂಸನ ಸಾವಿನ ಜಾಡನ್ನು ಕೊನೆಗೆ ಲೋಹದ ಮೇಲಿನ ಗೀರು ಓದಿ ಹಿಡಿಯಬೇಕಾಯಿತು.

ಈಗ ಆ ಎರಡು ಅಂಗುಲದ ವಿಷಯಕ್ಕೆ ಬರುತ್ತೇನೆ.

ಮಾವನಿಗೆ ಮೊದಲಿಂದಲೂ ಒಂದು ತಕರಾರಿತ್ತು. "ಎಲ್ಲಾ ಚಲೋ ಅದ, ಆದ್ರ ಘೋಡಾ ಭಾಳ ಬಿಗಿ ಅದ" ಎನ್ನುತ್ತಿದ್ದ. ಟ್ರಿಗರಿಗೆ ನಮ್ಮ ಕಡೆ ಘೋಡಾ ಎನ್ನುವುದೇ ರೂಢಿ. ಈ ರಿವಾಲ್ವರಿನ ಘೋಡಾ ಎಳೆಯಲು ಬೆರಳಿಗೆ ನಿಜಕ್ಕೂ ಬಲ ಬೇಕು. ಒಂದು ದಿನ ಪರಿಚಯದ ಲೇಥ್ ಅಂಗಡಿಯವನಿಗೆ ಹೇಳಿ ಒಳಗಿನ ಸ್ಪ್ರಿಂಗನ್ನು ಹಗುರ ಮಾಡಿಸಿಕೊಂಡ. ಮನೆಗೆ ಬಂದು ಖಾಲಿ ರಿವಾಲ್ವರನ್ನು ಗೋಡೆಯತ್ತ ಹಿಡಿದು ಕಟಕ್ ಅನ್ನಿಸಿ ತೋರಿಸಿದ. "ನೋಡವ್ವಾ, ಈಗ ಬೆಣ್ಣಿ ಆಗ್ಯದ."

ಮೂರು ವರ್ಷದ ಹಿಂದಿನ ಮಹಾನವಮಿ. ಪೂಜೆಗೆ ಇಡುವಾಗ ರಿವಾಲ್ವರಿನಲ್ಲಿ ಒಂದು ಗುಂಡು ಉಳಿಸಿರುತ್ತಿದ್ದ ಮಾವ. ಅತ್ತೆ ಆಕ್ಷೇಪಿಸಿದರೆ, "ಖಾಲಿ ಕೊಡ ಇಟ್ಟು ಪೂಜಿ ಮಾಡ್ತಾರೇನು?" ಅನ್ನುತ್ತಿದ್ದ. ಮಂಗಳಾರತಿ ಮುಗಿದು ಎಲ್ಲರೂ ಹೋಳಿಗೆಯ ಪಂಕ್ತಿಗೆ ಎದ್ದಾಗ ಮಾವನ ಒಂಬತ್ತು ವರ್ಷದ ಮೊಮ್ಮಗ ಅದನ್ನು ಎತ್ತಿಕೊಂಡ. ಸಿನಿಮಾದಲ್ಲಿ ನೋಡಿದಂತೆ ಬಾಗಿಲ ಕಡೆ ಹಿಡಿದ. ನಾನು ಅಲ್ಲೇ ನನ್ನ ಲ್ಯಾಪ್‌ಟಾಪಿನ ಮೇಲಿನ ಅರಿಶಿನ ಒರೆಸುತ್ತಿದ್ದೆ. ಬೇಡ ಎನ್ನುವಷ್ಟರಲ್ಲಿ ಗುಂಡು ಹಾರಿತ್ತು.

ಬಾಗಿಲಲ್ಲಿ ಮಿಲ್ಲಿನ ಹಮಾಲ ಕಾಕಾ ನಿಂತಿದ್ದರು. ಹಬ್ಬದ ಬಟ್ಟೆ ಒಯ್ಯಲು ಬಂದವರು. ಗುಂಡು ಕಲ್ಲಿನ ಹೊಸ್ತಿಲಿಗೆ ಬಡಿಯಿತು, ಹೊಸ್ತಿಲ ಚೂರು ಎದ್ದು ಅವರ ಮೀನಖಂಡ ಸೀಳಿತು. ಒಂದು ಗೇಣು ಮೇಲಾಗಿದ್ದರೆ ಈ ಲೇಖನವನ್ನು ನಾನು ಬರೆಯುತ್ತಿರಲಿಲ್ಲ, ಬರೆಯುವ ಮುಖವಿರುತ್ತಿರಲಿಲ್ಲ. ಆಸ್ಪತ್ರೆಗೆ ಮಾವನ ಜೊತೆ ನಾನೂ ಹೋದೆ. ಏನಾಯಿತು ಎಂದು ಕೇಳಿದಾಗ ಮಾವ "ಕಲ್ಲು ಬಡೀತು" ಅಂದ. ಅವರು ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಅದು ಸುಳ್ಳಲ್ಲ. ಬಡಿದದ್ದು ಕಲ್ಲೇ. ಏಳು ಹೊಲಿಗೆ ಬಿದ್ದವು. ಖರ್ಚು ಮಾವನೇ ನೋಡಿಕೊಂಡ, ಎರಡು ತಿಂಗಳು ಕೂಲಿಯನ್ನೂ ಕೊಟ್ಟ.

ಆ ರಾತ್ರಿ ನಿದ್ದೆ ಬರದೆ ಯೋಚಿಸಿದ್ದು ಒಂದೇ. ಕಾನ್ಪುರದಲ್ಲಿ ಆ ಸ್ಪ್ರಿಂಗನ್ನು ಬಿಗಿಯಾಗಿ ಕೂರಿಸಿದವನು ಯಾರಿಗಾಗಿ ಕೂರಿಸಿದ್ದ? ಮಾವನಿಗಾಗಿ ಅಲ್ಲ. ಒಂಬತ್ತು ವರ್ಷದ ಬೆರಳಿಗಾಗಿ, ಬಾಗಿಲಲ್ಲಿ ನಿಂತವರ ಕಾಲಿಗಾಗಿ. ಮೊದಲಿದ್ದ ಬಿಗಿಗೆ ಆ ಮಗುವಿನ ಬೆರಳು ಬಹುಶಃ ಸೋಲುತ್ತಿತ್ತು. ಆ ಬಿಗಿಯೂ ಪರರ ಪಾಲೇ. ಕಾಯ್ದೆ ಹೆಸರಿಟ್ಟು ಹೇಳದ ಪಾಲು. ಠಾಣೆಯ ಮೇಜಿನ ಮೇಲೆ ಯಾರೂ ಅದನ್ನು ಎಳೆದು ನೋಡುವುದಿಲ್ಲ, ರಿಜಿಸ್ಟರಿನಲ್ಲಿ ಅದಕ್ಕೆ ಕಾಲಮ್ಮಿಲ್ಲ. ಅದನ್ನು ಕಾಯುವುದು ಒಡೆಯನ ಮನಸ್ಸಾಕ್ಷಿ ಒಂದೇ.

ಮಾವನ ಜೊತೆ ನಾನು ಇದನ್ನು ವಾದಿಸಿದ್ದೇನೆ. ಅವನ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ತೊಗರಿಯ ಹಂಗಾಮಿನಲ್ಲಿ ರೊಕ್ಕ ಹಿಡಿದುಕೊಂಡು ರಾತ್ರಿ ಹೆದ್ದಾರಿಯಲ್ಲಿ ಒಬ್ಬನೇ ಬಂದವನು ಅವನು, ನಾನಲ್ಲ. "ಆ ಹೊತ್ತಿನಾಗ ಕೈ ನಡಗ್ತದವ್ವಾ. ನಡಗೋ ಕೈಗೆ ಹಗುರ ಇರಬೇಕು" ಅಂದ. ನಾನು, "ನಡುಗೋ ಕೈಗೇ ಬಿಗಿ ಇರಬೇಕು ಮಾವ. ಎದುರಿಗೆ ಇರೋನು ಕಳ್ಳನೋ, ದಾರಿ ಕೇಳೋನೋ ಅಂತ ತಿಳಿಯೋ ತನಕ ಬೆರಳು ತಡೀಬೇಕಲ್ಲ" ಅಂದೆ. ಅವನು ಒಪ್ಪಲಿಲ್ಲ. ಆಮೇಲೆ ತಿಳಿದವರೊಬ್ಬರು ಇನ್ನೊಂದು ಮಾತು ಹೇಳಿದರು. ಸ್ಪ್ರಿಂಗ್ ಹಗುರವಾದರೆ ಒಳಗಿನ ಸುತ್ತಿಗೆಯ ಏಟೂ ಹಗುರವಾಗುತ್ತದೆ, ಏಟು ಸಾಲದಿದ್ದರೆ ಗುಂಡು ಹಾರದೆಯೂ ಇರಬಹುದು. ಅಂದರೆ ಬೇಡದ ಹೊತ್ತಿನಲ್ಲಿ ಹಾರುವ ಅಪಾಯವನ್ನೂ ಬೇಕಾದ ಹೊತ್ತಿನಲ್ಲಿ ಹಾರದಿರುವ ಅಪಾಯವನ್ನೂ ಮಾವ ದುಡ್ಡು ಕೊಟ್ಟು ತಂದಿದ್ದ. ಹಾಗಂತ ಈ ತಾಂತ್ರಿಕ ದೋಷವನ್ನು ನನ್ನ ವಾದಕ್ಕೆ ಆಧಾರ ಮಾಡಿಕೊಳ್ಳಲಾರೆ. ನಾಳೆ ಯಾರಾದರೂ ಹಗುರವೂ ಆಗುವ, ತಪ್ಪದೆ ಹಾರುವ ಸ್ಪ್ರಿಂಗ್ ಮಾಡಬಹುದು. ಆಗಲೂ ಬಾಗಿಲಲ್ಲಿ ನಿಂತವರು ಬಾಗಿಲಲ್ಲೇ ಇರುತ್ತಾರೆ.

ಅಮೆರಿಕದಲ್ಲಿ ಇಂಥ ಬದಲಾವಣೆಗಳದ್ದೇ ಒಂದು ದೊಡ್ಡ ವ್ಯಾಪಾರವಿದೆ. 2017ರ ಅಕ್ಟೋಬರ್ 1ರಂದು ಲಾಸ್ ವೇಗಸ್‌ನ ಸಂಗೀತ ಉತ್ಸವದ ಮೇಲೆ ಗುಂಡಿನ ಮಳೆಗರೆದವನು ತನ್ನ ರೈಫಲುಗಳಿಗೆ ಬಂಪ್ ಸ್ಟಾಕ್ ಎಂಬ ಜೋಡಣೆ ಹಾಕಿಕೊಂಡಿದ್ದ. ಅದರಿಂದ ಸಾಧಾರಣ ರೈಫಲು ಮೆಷಿನ್‌ಗನ್ನಿನ ವೇಗದಲ್ಲಿ ಹಾರಿಸುತ್ತದೆ. ಸರ್ಕಾರ ಅದನ್ನು ನಿಷೇಧಿಸಿತು. 2024ರ ಜೂನಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ನಿಷೇಧವನ್ನು ತೆಗೆದುಹಾಕಿತು. ಆ ಜೋಡಣೆ ಇದ್ದರೂ ಪ್ರತಿ ಗುಂಡಿಗೆ ಟ್ರಿಗರ್ ಒಮ್ಮೆ ಕೆಲಸ ಮಾಡುತ್ತದೆ, ಆದ್ದರಿಂದ ಅದು ಕಾನೂನಿನ ಅರ್ಥದಲ್ಲಿ ಮೆಷಿನ್‌ಗನ್ ಅಲ್ಲ ಎಂಬುದು ಬಹುಮತದ ತರ್ಕ. ತರ್ಕದಲ್ಲಿ ತಪ್ಪು ಹುಡುಕುವಷ್ಟು ಕಾನೂನು ನನಗೆ ತಿಳಿಯದು. ಅದನ್ನು ಓದುವಾಗ ನಮ್ಮ "ಕಲ್ಲು ಬಡೀತು" ನೆನಪಾಯಿತು, ಅಷ್ಟೆ. ಅದೂ ಅಕ್ಷರಶಃ ನಿಜವಾಗಿತ್ತು.

ಬದಲಾವಣೆಯ ಇನ್ನೊಂದು ಗುಣವನ್ನು ನಾನು ಕಲಿತದ್ದು ಅಪ್ಪನ ಕಡೆಯ ಊರಿನಿಂದ. ಅದು ಬಸವಕಲ್ಯಾಣ ತಾಲ್ಲೂಕಿನ ಒಂದು ಹಳ್ಳಿ. ನನ್ನ ಮುತ್ಯಾನ ಅಪ್ಪನ ಬಳಿ ಮದ್ದು ತುಂಬಿ ಹಾರಿಸುವ ಉದ್ದ ನಳಿಗೆಯ ನಾಡಬಂದೂಕು ಇತ್ತಂತೆ. ಜೋಳದ ಹೊಲಕ್ಕೆ ಬರುವ ಹಂದಿ ಬೆದರಿಸಲು ಇಟ್ಟುಕೊಂಡದ್ದು. 1948 ಬಂತು. ನಿಜಾಮನ ರಾಜ್ಯ ಕೊನೆಯ ದಿನ ಎಣಿಸುತ್ತಿತ್ತು, ರಜಾಕಾರರ ಹಾವಳಿ ಏರಿತ್ತು. ಆ ಮೇ ತಿಂಗಳಲ್ಲಿ ಇದೇ ತಾಲ್ಲೂಕಿನ ಗೋರ್ಟಾ ಗ್ರಾಮದಲ್ಲಿ ನಡೆದ ಹತ್ಯಾಕಾಂಡದ ಸುದ್ದಿ ಊರೂರಿಗೆ ಹಬ್ಬಿತು. ಅದಾದ ವಾರದಲ್ಲೇ ಅಪ್ಪನೂ ಕಂಬಾರನೂ ಕೂಡಿ ರಾತ್ರಿ ದೀಪದ ಬೆಳಕಲ್ಲಿ ಆ ನಳಿಗೆಯನ್ನು ಕೊಯ್ದರು ಎಂದು ಮುತ್ಯಾ ಹೇಳುತ್ತಿದ್ದ. ಆಗ ಅವನಿಗೆ ಎಂಟು ವರ್ಷ. ಕಂಬಳಿಯ ಕೊಪ್ಪೆಯೊಳಗೆ ಅಡಗಿಸಿ ಒಂದೇ ಕೈಯಲ್ಲಿ ಹಿಡಿಯಬೇಕಿತ್ತು, ಅದಕ್ಕೆ ಕೊಯ್ದದ್ದು. ಭುಜಕ್ಕೆ ಆನಿಸುವ ಬಂದೂಕು ಹೀಗೆ ಕೈಬಂದೂಕಾಯಿತು.

ಆ ಭಯವನ್ನು ನಾನು ಇಲ್ಲಿ ಕುಳಿತು ಅಳೆಯಲಾರೆ. ಆ ಸ್ಥಿತಿಯಲ್ಲಿ ನಾನಿದ್ದರೂ ಅರ ಹಿಡಿಯುತ್ತಿದ್ದೆನೇನೋ. ಆದರೆ ಆ ಬದಲಾವಣೆಯೊಳಗೆ ಏನಿದೆ ಎಂದು ನೋಡಬೇಕು. ಗಿಡ್ಡ ನಳಿಗೆಯಿಂದ ದೂರದ ಹಂದಿಯತ್ತ ಗುರಿ ಹಿಡಿಯಲು ಆಗುವುದಿಲ್ಲ. ಅದಕ್ಕೆ ಇನ್ನು ಒಂದೇ ಕೆಲಸ ಉಳಿದಿರುತ್ತದೆ. ಮಾರು ದೂರದಲ್ಲಿ ನಿಂತ ಮನುಷ್ಯ. ನಳಿಗೆ ಕೊಯ್ದ ಕ್ಷಣದಲ್ಲೇ ಗುರಿ ಯಾರೆಂದು ನಿರ್ಧಾರವಾಗಿಬಿಟ್ಟಿತ್ತು.

ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಬಂತು, 17ಕ್ಕೆ ನಿಜಾಮ ಶರಣಾದ. ಮನೆಯ ಭಯ ಮುಗಿಯಿತು. ಆದರೆ ಕೊಯ್ದ ನಳಿಗೆ ಮತ್ತೆ ಬೆಳೆಯುವುದಿಲ್ಲ. ಆ ಬಂದೂಕು ಮತ್ತೆ ಹೊಲಕ್ಕೆ ಹೋಗುವಂತಿರಲಿಲ್ಲ. ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ನೋಡಿಬರಲು ನೆಹರೂ ಸರ್ಕಾರ ಪಂಡಿತ್ ಸುಂದರಲಾಲ್ ಅವರ ನೇತೃತ್ವದಲ್ಲಿ ತಂಡವೊಂದನ್ನು ಕಳಿಸಿತ್ತು. ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬೀದರವೂ ಒಂದು ಎಂದು ಆ ತಂಡ ಬರೆಯಿತು. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಆ ದಿನಗಳಲ್ಲಿ ಬಂದೂಕು ಎಲ್ಲಿತ್ತು ಎಂದು ನಾನು ಮುತ್ಯಾನನ್ನು ಕೇಳಿದ್ದೆ. "ಎರಡ ತಿಂಗಳ ಮನ್ಯಾಗ ಇದ್ದಿಲ್ಲ. ಯಾರ್ಯಾರೋ ಒಯ್ದಿದ್ರು" ಅಂದ. ಯಾರು, ಎಲ್ಲಿಗೆ ಎಂದರೆ ಹೇಳಲಿಲ್ಲ. ಆಮೇಲೆ ಅದನ್ನು ಬಾವಿಗೆ ಹಾಕಿದರಂತೆ. ಸ್ವಲ್ಪ ಹೊತ್ತು ಬಿಟ್ಟು ತಾನಾಗಿಯೇ, "ನಮ್ಮ ಓಣ್ಯಾಗ ಎರಡ ಮನಿ ಖಾಲಿ ಆದ್ವು" ಅಂದ. ಅದಕ್ಕಿಂತ ಹೆಚ್ಚು ಅವನು ಸಾಯುವವರೆಗೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ಗೋರ್ಟಾದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಮಾತಾಡಲೇಬೇಕು. ಆ ಎರಡು ಮನೆಗಳ ಬಗ್ಗೆ ಯಾರೂ ಮಾತಾಡುವುದಿಲ್ಲ.

ಭಯದಲ್ಲಿ ಮಾಡಿಕೊಂಡ ಬದಲಾವಣೆ ಭಯ ಹೋದ ಮೇಲೂ ಉಳಿಯುತ್ತದೆ, ತನಗೆ ತಕ್ಕ ಕೆಲಸವನ್ನು ಹುಡುಕುತ್ತದೆ. ಬಂದೂಕಿಗೂ ಈ ಮಾತು ನಿಜ, ಬಂದೂಕು ಹಿಡಿದವರಿಗೂ ನಿಜ.

ಕಲ್ಯಾಣದ ಕಥೆಯಲ್ಲೂ ಒಂದು ಆಯುಧ ಇದೆಯಲ್ಲ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಆದ ಮದುವೆ, ಇಬ್ಬರು ತಂದೆಯರಿಗೆ ಬಿಜ್ಜಳ ವಿಧಿಸಿದ ಎಳೆಹೂಟೆಯ ಶಿಕ್ಷೆ, ಅದಕ್ಕೆ ಪ್ರತೀಕಾರವಾಗಿ ಜಗದೇವ ಮತ್ತು ಅವನ ಸಂಗಡಿಗರ ಕೈಯಲ್ಲಿ ಬಿಜ್ಜಳನ ಕೊಲೆ. ಪರಂಪರೆ ಹೇಳುವುದು ಹೀಗೆ. ದುಡಿಯುವ ಸಲಕರಣೆಯನ್ನೇ ಪೂಜೆಯ ಎತ್ತರಕ್ಕೆ ಏರಿಸಿದ ಜನರ ಕೈಗೆ ಕೊಲ್ಲುವ ಸಲಕರಣೆ ಬಂದಾಗ ಆ ಕೈ ಏನಾಯಿತು ಎಂಬ ಪ್ರಶ್ನೆಯನ್ನು ನಮ್ಮ ಸೆಮಿನಾರುಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಅನ್ಯಾಯ ಅಷ್ಟು ಘೋರವಾಗಿತ್ತು ಎಂಬುದು ಒಂದು ಉತ್ತರ. ಆ ಕೊಲೆಯ ನಂತರ ಕಲ್ಯಾಣದಲ್ಲಿ ಶರಣರು ಉಳಿಯಲಾಗಲಿಲ್ಲ, ವಚನದ ಕಟ್ಟುಗಳನ್ನು ಹೊತ್ತು ದಿಕ್ಕಾಪಾಲಾದರು ಎಂಬುದು ಇನ್ನೊಂದು. ಎರಡನ್ನೂ ಒಟ್ಟಿಗೆ ಹಿಡಿದುಕೊಂಡೇ ಯೋಚಿಸಬೇಕಾಗುತ್ತದೆ. ಒಂದನ್ನು ಬಿಟ್ಟವರಿಗೆ ಉತ್ತರ ಸುಲಭ.

ಹರಳಯ್ಯನ ಹೆಸರು ಬಂದದ್ದರಿಂದ ಒಂದು ಸಣ್ಣ ಘಟನೆ ಹೇಳುತ್ತೇನೆ. ಕಳೆದ ವರ್ಷ ಮಾವನಿಗೆ ಸೊಂಟಕ್ಕೆ ಕಟ್ಟುವ ಹೊಸ ಚರ್ಮದ ಚೀಲ ಬೇಕಿತ್ತು. ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಬಂದ. ಚಪ್ಪಲಿ ಹೊಲಿಯುವ ಹಿರಿಯರೊಬ್ಬರು ಅಲ್ಲಿ ಅಂಥದ್ದನ್ನೂ ಮಾಡಿಕೊಡುತ್ತಾರೆ. ಅವರ ಅಂಗಡಿಯ ಗೋಡೆಯ ಮೇಲೆ ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿದ ಚಿತ್ರ ಇದೆ. ಚೀಲ ಸಿದ್ಧವಾಗಿತ್ತು. ಮಾವ ರಿವಾಲ್ವರನ್ನು ಒಳಗಿಟ್ಟು ಎಳೆದು ನೋಡಿದ. ಅದು ಸಲೀಸಾಗಿ ಬರಲಿಲ್ಲ. ಮೇಲೆ ಒಂದು ಪಟ್ಟಿ, ಪಟ್ಟಿಗೆ ಗುಂಡಿ, ಗುಂಡಿಯೂ ಬಿಗಿ.

"ಇಷ್ಟು ಬಿಗಿ ಇದ್ರ ತಡ ಆಗ್ತದಲ್ಲ ಕಾಕಾ" ಅಂದ ಮಾವ.

"ತಡ ಆಗ್ಲಿ ಅಂತೇ ಬಿಗಿ ಮಾಡೀನ್ರಿ" ಅಂದರು ಅವರು, ದಾರಕ್ಕೆ ಮೇಣ ಹಚ್ಚುತ್ತಲೇ.

ಮಾವ ನಕ್ಕು ದುಡ್ಡು ಕೊಟ್ಟ. ನನಗೆ ನಗು ಬರಲಿಲ್ಲ. ಐದು ವರ್ಷ ಕಾಯಕದ ಬಗ್ಗೆ ಓದಿ ನನಗೆ ಒಂದು ವಾಕ್ಯದಲ್ಲಿ ಹೇಳಲು ಬಾರದ್ದನ್ನು ಅವರು ಹೊಲಿಗೆಯಲ್ಲಿ ಇಟ್ಟಿದ್ದರು. ಆ ಚೀಲವೂ ಒಂದು ಬದಲಾವಣೆಯೇ. ಲೇಥ್ ಅಂಗಡಿಯವನು ತೆಗೆದ ಪಾಲನ್ನು ಈ ಹಿರಿಯರು ಇನ್ನೊಂದು ಕಡೆಯಿಂದ ಸ್ವಲ್ಪ ಮರಳಿಸಿದ್ದರು. ಆಯುಧ ಬದಲಿಸಬಾರದು ಎಂಬುದು ನನ್ನ ವಾದವಲ್ಲ ಎಂದು ನನಗೆ ಅಲ್ಲೇ ಖಚಿತವಾಯಿತು. ಬದಲಿಸುವ ಪ್ರತಿ ಸಲವೂ ಕೇಳಿಕೊಳ್ಳಬೇಕಾದ್ದು ಇಷ್ಟು: ಇದರಿಂದ ಯಾರ ಹೊತ್ತು ಹೆಚ್ಚುತ್ತದೆ, ಯಾರ ಹೊತ್ತು ಕಡಿಮೆಯಾಗುತ್ತದೆ? ನಂಬರು, ಬಿಗಿ, ನಳಿಗೆಯ ಉದ್ದ, ಚೀಲದ ಗುಂಡಿ, ಇವೆಲ್ಲ ಎದುರಿಗಿರುವವನಿಗೆ ಒಂದಿಷ್ಟು ಹೊತ್ತು ಕೊಡುತ್ತವೆ. ಓಡಲು, ಮಾತಾಡಲು, ನಾನು ಅವನಲ್ಲ ಎಂದು ಹೇಳಲು.

ಇಷ್ಟು ಬರೆದವಳು ತನ್ನ ಲೆಕ್ಕವನ್ನೂ ಕೊಡಬೇಕು. ಆಸ್ಪತ್ರೆಯಲ್ಲಿ ನಾನು ತಲೆಯಾಡಿಸಿದ್ದೆ. ಸ್ಪ್ರಿಂಗನ್ನು ಅರದಿಂದ ಉಜ್ಜಿದ್ದು ಮಾವನಾದರೆ, ಮಾತನ್ನು ಉಜ್ಜಿ ನುಣುಪು ಮಾಡಿದ್ದರಲ್ಲಿ ನನ್ನ ಕೈಯೂ ಇತ್ತು. ಅದರಲ್ಲಿ ಹಮಾಲ ಕಾಕಾನ ಪಾಲಿನ ಸತ್ಯ ಉದುರಿಹೋಯಿತು.

ಹೋದ ಬೇಸಗೆಯಲ್ಲಿ ಅವರ ಮನೆಗೆ ಹೋದೆ. ಮೀನಖಂಡದ ಮೇಲೆ ಬಿಳಿ ಗೀರು ಇದೆ. ಚೀಲ ಹೊರುವಾಗ ಈಗಲೂ ಆ ಕಾಲು ಹಿಡಿಯುತ್ತದಂತೆ. ನಾನು ಆ ದಿನದ ಮಾತು ತೆಗೆದೆ. "ಕಲ್ಲು ಬಡೀತು ಅಂತ ನೀವು ಅಂದ್ರಿ. ನಾನೂ ಹಂಗೇ ಅಂದೆ. ಇಕಿಗೂ ಹಂಗೇ ಹೇಳೀನಿ" ಎಂದು ಒಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿಯತ್ತ ಕೈ ತೋರಿಸಿದರು. ಮೂರು ವರ್ಷ ಆ ಮನುಷ್ಯ ನಮ್ಮ ಸುಳ್ಳನ್ನು ತಮ್ಮ ಮನೆಯಲ್ಲಿ ಸಾಕಿದ್ದರು. ಹೇಳಲೇ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ನೀವೇ ಹೇಳ್ರಿ" ಅಂದರು.

ಹೇಳಿದೆ. ಗುಂಡು, ಹುಡುಗ, ಸ್ಪ್ರಿಂಗು, ಆಸ್ಪತ್ರೆ, ನನ್ನ ತಲೆಯಾಡಿಸುವಿಕೆ ಎಲ್ಲವನ್ನೂ. ಆಕೆ ಕೈಯ ಹಿಟ್ಟು ಉದುರಿಸುತ್ತ ಕೇಳಿಸಿಕೊಂಡರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಆಕೆ ಕೇಳಿದ್ದು, "ಆ ಹುಡುಗ ಈಗ ಹ್ಯಾಂಗದಾನ?" ಎಂದು. ಆ ಹುಡುಗ ಪಟಾಕಿಯ ಸದ್ದಿಗೂ ಬೆಚ್ಚಿಬೀಳುತ್ತಾನೆ ಎಂಬುದನ್ನು, ಅದನ್ನು ನಮ್ಮ ಮನೆಯಲ್ಲಿ ಯಾರೂ ಇದುವರೆಗೆ ಬಾಯಿ ಬಿಟ್ಟು ಆಡಿಲ್ಲ ಎಂಬುದನ್ನು ನಾನು ಮೊದಲ ಸಲ ಹೇಳಿದ್ದು ಆಕೆಯ ಮುಂದೆ.

ಈಗ ಮಹಾನವಮಿಗೆ ಮಾವ ರಿವಾಲ್ವರನ್ನು ಖಾಲಿ ಮಾಡಿಯೇ ಇಡುತ್ತಾನೆ. ಗುಂಡುಗಳು ಅವನ ಟ್ರೆಜರಿಯ ಬ್ಯಾಗಿನಲ್ಲಿ, ಬೀಗದೊಳಗೆ. ಹೊಸ್ತಿಲ ಗುಳಿಗೆ ಸಿಮೆಂಟು ಮೆತ್ತಿದ್ದಾರೆ, ಆದರೂ ಹಬ್ಬದ ದಿನ ಅರಿಶಿನ ಅಲ್ಲೇ ದಟ್ಟವಾಗಿ ಕೂರುತ್ತದೆ. ಸ್ಪ್ರಿಂಗ್ ಮಾತ್ರ ಇನ್ನೂ ಅದೇ. ಉಜ್ಜಿದ್ದು ಮತ್ತೆ ದಪ್ಪವಾಗುವುದಿಲ್ಲ. ಲೈಸೆನ್ಸ್ ಇರುವ ರಿಪೇರಿಯವರ ಬಳಿ ಒಯ್ದು ಹೊಸದು ಹಾಕಿಸಬೇಕು. ನಾನು ಎರಡು ಸಲ ಕೇಳಿದ್ದೇನೆ. ತೊಗರಿ ಹಂಗಾಮು ಮುಗೀಲಿ ಎಂದಿದ್ದಾನೆ. ಹಂಗಾಮು ಮುಗಿಯುತ್ತ ಬಂದಿದೆ. ಮುಂದಿನ ವಾರ ಹುಮನಾಬಾದಿಗೆ ಹೋದಾಗ ಮತ್ತೆ ಕೇಳಬೇಕು.